ಹೊಳ್ಳಿ ಹೇಳದ ಕಾರ್ಡು

ನಾನು ಬರೆದುಕೊಟ್ಟ ಮೊದಲ ವರದಿಯಲ್ಲಿ ಒಂದು ಸುಳ್ಳು ಮಾತೂ ಇರಲಿಲ್ಲ. ಹೆಮ್ಮೆಗೆ ಹೇಳುತ್ತಿಲ್ಲ. ಸುಳ್ಳು ಬರೆದಿದ್ದರೆ ನನ್ನನ್ನು ನಾನೇ ಸುಳ್ಳುಬುರುಕ ಎಂದು ಬೈದುಕೊಂಡು ಎಂದೋ ಹಗುರಾಗುತ್ತಿದ್ದೆ. ಕಂಪ್ಯೂಟರು ಏನು ತೋರಿಸಿತೋ ಅದನ್ನೇ ಅಕ್ಷರ ಬಿಡದೆ ಬರೆದೆ. ಆ ಒಂದು ಹಾಳೆ ಅಫಜಲಪುರದ ಒಬ್ಬ ಹೆಣ್ಣುಮಗಳ ಅನ್ನಕ್ಕೆ ಕಲ್ಲು ಹಾಕಿತು.

ತೊಂಬತ್ತರ ದಶಕದ ನಡುವಿನ ಮಾತು. ಭೀಮಾ ನದಿಯ ನೀರಿನ ಲೆಕ್ಕ ಇಡುವ ಕಚೇರಿಯೊಂದು ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ಒಂದೊಂದು ಕೇಂದ್ರ ಇಟ್ಟಿತ್ತು. ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟರೆ ಸೊಲ್ಲಾಪುರದ ಕಡೆಯಿಂದ ಸುದ್ದಿ ಮೊದಲು ಆಳಂದಕ್ಕೆ ಬರುತ್ತಿತ್ತು. ಆಳಂದದವರು ಅದನ್ನು ಉಳಿದ ಎರಡು ಊರಿಗೆ ಮುಟ್ಟಿಸಬೇಕು. ಅಲ್ಲಿಯವರೆಗೆ ಈ ಕೆಲಸ ಫೋನಿನಲ್ಲಿ ನಡೆಯುತ್ತಿತ್ತು. ಅದನ್ನು ಕಂಪ್ಯೂಟರಿಗೆ ಒಪ್ಪಿಸುವ ಗುತ್ತಿಗೆ ನಾನು ಕೆಲಸಕ್ಕಿದ್ದ ಸಣ್ಣ ಕಂಪನಿಗೆ ಸಿಕ್ಕಿತು. ನಾನು ಅತನೂರಿನವನು, ಆ ಕಡೆಯ ಮಾತು ಗೊತ್ತು, ಅಲ್ಲಿಯ ಬಿಸಿಲೂ ಗೊತ್ತು ಎಂದು ನನ್ನನ್ನೇ ಕಳಿಸಿದರು.

ಮೂರು ಊರುಗಳ ನಡುವೆ ಮೂರು ಬಾಡಿಗೆ ತಂತಿ ಹಿಡಿದಿದ್ದೆವು. ಆಳಂದದಿಂದ ಅಫಜಲಪುರಕ್ಕೆ ಚೌಡಾಪುರದ ಮೇಲೆ ಹಾದುಹೋಗುವ ನೇರ ತಂತಿ ಒಂದು. ಅದು ಕಡಿದರೆ ಜೇವರ್ಗಿಯನ್ನು ಸುತ್ತಿಕೊಂಡು ಹೋಗಲು ಉಳಿದ ಎರಡು. ಪ್ರತಿ ಊರಿನಲ್ಲಿ ಒಂದು ಕಬ್ಬಿಣದ ಕಪಾಟು. ಮೇಲಿನ ಖಾನೆಯಲ್ಲಿ ಕಂಪ್ಯೂಟರು, ಕೆಳಗಿನ ಖಾನೆಯಲ್ಲಿ ತಂತಿಗಳೆಲ್ಲ ಬಂದು ಸೇರುವ, ಸ್ವಿಚ್ಚು ಎಂಬ ಪೆಟ್ಟಿಗೆ. ಸಂದೇಶವನ್ನು ಸಣ್ಣ ತುಂಡುಗಳಾಗಿ ಮಾಡಿ, ಪ್ರತಿ ತುಂಡಿನ ಮೇಲೆ ಮುಟ್ಟಬೇಕಾದ ಊರಿನ ಗುರುತು ಹಾಕಿ ಬಿಡುವುದು ಪದ್ಧತಿ. ಆ ತುಂಡಿಗೆ ಪ್ಯಾಕೆಟ್ಟು ಎನ್ನುತ್ತಿದ್ದೆವು. ಯಾವ ಊರಿಗೆ ಯಾವ ತಂತಿ ಎಂದು ತೀರ್ಮಾನಿಸುವುದು ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್. ಆದರೆ ಪ್ಯಾಕೆಟ್ಟನ್ನು ಕೈಯಾರೆ ತಂತಿಗೆ ದಬ್ಬುವುದು ಸ್ವಿಚ್ಚಿನೊಳಗಿನ ಕಾರ್ಡು. ಪ್ರತಿ ಪ್ಯಾಕೆಟ್ಟಿಗೂ ಮೇಲಿನವರನ್ನು ಕೇಳುತ್ತ ಕೂತರೆ ಕೆಲಸ ಸಾಗುವುದಿಲ್ಲ ಎಂದು ಕಾರ್ಡು ತನ್ನದೇ ಒಂದು ಸಣ್ಣ ಪಟ್ಟಿ ಇಟ್ಟುಕೊಂಡಿರುತ್ತಿತ್ತು. ಮೇಲೆ ಕಂಪ್ಯೂಟರಿನ ಪಟ್ಟಿ ಬದಲಾದಾಗಲೆಲ್ಲ ಕೆಳಗೆ ಕಾರ್ಡಿನ ಪಟ್ಟಿಯನ್ನೂ ಬದಲಿಸಬೇಕು. ಈ ಎರಡನ್ನೂ ಹೊಂದಿಸುವ ಪ್ರೋಗ್ರಾಮು ಬರೆಯುವುದು ನನ್ನ ಪಾಲಿನ ಕೆಲಸವಾಗಿತ್ತು.

ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರು ಹಲಗೆಯ ಮೇಲೆ ‘ದಾರಿ ಬದಲಾಗಿದೆ’ ಎಂದು ಬರೆದು, ಡ್ರೈವರನಿಗೆ ಯಾರೂ ಹೇಳದಿದ್ದರೆ ಏನಾಗುತ್ತದೆ? ಬಸ್ಸು ಹಳೆಯ ದಾರಿಯಲ್ಲೇ ಹೋಗಿ ಹಳ್ಳದ ದಂಡೆಗೆ ನಿಲ್ಲುತ್ತದೆ. ಹಲಗೆ ನೋಡಿದವರಿಗೆ ಮಾತ್ರ ಎಲ್ಲ ಸರಿಯಾಗಿ ಕಾಣುತ್ತದೆ. ಇಷ್ಟು ನನಗೆ ಮೊದಲ ದಿನದಿಂದಲೇ ಗೊತ್ತಿತ್ತು. ಅದಕ್ಕೇ ನಾನು ಬರೆದ ಮೊದಲ ಪ್ರೋಗ್ರಾಮಿನಲ್ಲಿ ಎರಡು ಹೆಜ್ಜೆ ಇದ್ದವು. ಹೊಸ ದಾರಿಯನ್ನು ಕಾರ್ಡಿನ ಪಟ್ಟಿಗೆ ಬರೆಯುವುದು ಒಂದು. ಬರೆದ ಮೇಲೆ ಆ ಪಟ್ಟಿಯನ್ನು ತಿರುಗಿ ಓದಿ, ಬರೆದದ್ದು ಕೂತಿದೆಯೋ ಇಲ್ಲವೋ ನೋಡುವುದು ಇನ್ನೊಂದು.

ಕಪಾಟು ಕೂರಿಸಲು ಅಫಜಲಪುರಕ್ಕೆ ಹೋದಾಗ ಅಲ್ಲಿಯ ಆಪರೇಟರ್ ಪರಿಚಯವಾದರು. ಐವತ್ತರ ಹತ್ತಿರದ ಹೆಂಗಸು, ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಎಲ್ಲರೂ ಅಕ್ಕೋರು ಎಂದೇ ಕರೆಯುತ್ತಿದ್ದರು. ಗಂಡ ತೀರಿಹೋದ ಮೇಲೆ ಆ ಕುರ್ಚಿಗೆ ಹಂಗಾಮಿಯಾಗಿ ಬಂದವರು ಒಂಬತ್ತು ವರ್ಷ ಹಂಗಾಮಿಯಾಗಿಯೇ ಉಳಿದಿದ್ದರು. ಅವರನ್ನು ಖಾಯಂ ಮಾಡುವ ಫೈಲು ಆ ವರ್ಷ ಕೊನೆಗೂ ನಗರದ ದೊಡ್ಡ ಕಚೇರಿಗೆ ಹೋಗಿತ್ತು.

“ನೀ ಅತನೂರಾಂವ? ಯಾರ ಮನಿಯಾಂವಪಾ?” ಎಂದು ಕೇಳಿದರು. ಹೇಳಿದೆ. ಅವರಿಗೆ ನಮ್ಮ ಸೋದರತ್ತೆಯ ಪರಿಚಯ ಇತ್ತು. “ಹಂಗಾದ್ರ ನೀ ನನಗ ತಮ್ಮ ಆದಿ. ಕೂಡು, ಚಾ ತರಸ್ತೇನಿ,” ಅಂದರು.

ಚಹಾ ಬರುವುದರೊಳಗೆ ಆಳಂದದಿಂದ ಫೋನು ಬಂತು, ಅಂದಿನ ಮಳೆಯ ಲೆಕ್ಕ. ಅವರು ಕೇಳಿ ಬರೆದುಕೊಂಡರು. ಅಷ್ಟಕ್ಕೇ ಇಡಲಿಲ್ಲ. ಬರೆದದ್ದನ್ನು ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿ, ಆ ಕಡೆಯವನು ಹೌದು ಅಂದ ಮೇಲೆ ಪುಸ್ತಕದ ಅಂಚಿನಲ್ಲಿ ಒಂದು ಗೆರೆ ಎಳೆದರು. ನಂತರ ಅದನ್ನೇ ಚೀಟಿಗಳಲ್ಲಿ ಬರೆದು ಬಸ್ಸಿನ ಕಂಡಕ್ಟರುಗಳ ಕೈಗೆ ಕೊಟ್ಟರು. ಕರಜಗಿಗೆ ಒಂದು, ಬೇರೆ ಬೇರೆ ಹಳ್ಳಿಗೆ ಒಂದೊಂದು. ಹಳ್ಳಿಯಲ್ಲಿ ಚೀಟಿ ತಗೊಂಡವನು ಅದನ್ನು ಕಂಡಕ್ಟರನ ಮುಂದೆ ಗಟ್ಟಿಯಾಗಿ ಓದಬೇಕು. ಏನು ಓದಿದ ಎಂದು ಕಂಡಕ್ಟರು ಮರಳಿ ಬಂದಾಗ ಅಕ್ಕೋರಿಗೆ ಹೇಳಬೇಕು. ಆಗ ಇನ್ನೊಂದು ಗೆರೆ. ಈ ಪದ್ಧತಿಗೆ ಅಲ್ಲಿ ‘ಹೊಳ್ಳಿ ಹೇಳೋದು’ ಎಂದು ಹೆಸರು. ಹೊಳ್ಳಿ ಎಂದರೆ ನಮ್ಮ ಕಡೆ ತಿರುಗಿ, ಮರಳಿ.

“ಇಷ್ಟೆಲ್ಲಾ ಯಾಕ್ರಿ ಅಕ್ಕೋರ? ಅವರೇನು ಕಿವುಡರಾ?” ಎಂದು ತಮಾಷೆ ಮಾಡಿದೆ.

“ತಮ್ಮಾ, ನಾ ಹೇಳಿದ್ದು ಮುಟ್ಟಿತು ಅನ್ನೋದು ನನ್ನ ಬಾಯಿಂದ ಗೊತ್ತಾಗಂಗಿಲ್ಲ. ಅವರ ಬಾಯಿಂದ ಹೊಳ್ಳಿ ಬರಬೇಕು. ಅಲ್ಲೀತನ ಅದು ನನ್ನ ಹತ್ರನೇ ಅದ ಅಂತ ತಿಳ್ಕೋಬೇಕು.” ನನ್ನ ಕಪಾಟನ್ನು ಕಣ್ಣಿನಲ್ಲೇ ಅಳೆದು, “ನಿನ್ನ ಯಂತ್ರ ಹೊಳ್ಳಿ ಹೇಳ್ತದೇನು?” ಎಂದರು.

“ಹೇಳ್ತದ್ರಿ,” ಅಂದೆ. ಆ ದಿನಕ್ಕೆ ಅದು ನಿಜವಾಗಿತ್ತು.

ಒಂದು ತಿಂಗಳ ನಂತರ ಆಳಂದದಲ್ಲಿ ಪ್ರದರ್ಶನ. ಮೂರೂ ಕೇಂದ್ರಗಳ ಮೇಲ್ವಿಚಾರಣೆಯ ಸಾಹೇಬರು ಅಲ್ಲಿಯೇ ಕೂರುತ್ತಿದ್ದರು. ಕೆಟ್ಟ ಮನುಷ್ಯ ಅಲ್ಲ. ಕಡತ ಬೇಗ ಸಾಗಬೇಕು, ಮೇಲಿನವರು ಖುಷಿಯಾಗಬೇಕು, ಇಷ್ಟೇ ಅವರ ಆಸೆ. ಅಂದು ನಗರದಿಂದ ಇಬ್ಬರು ದೊಡ್ಡ ಅಧಿಕಾರಿಗಳು ಬರುವವರಿದ್ದರು. ಹಿಂದಿನ ದಿನ ತಾಲೀಮು ಮಾಡುವಾಗ ಒಂದು ತಕರಾರು ಬಂತು. ನನ್ನ ಪ್ರೋಗ್ರಾಮು ಕಾರ್ಡಿನ ಪಟ್ಟಿಯನ್ನು ತಿರುಗಿ ಓದುವಾಗ ಕಾರ್ಡು ಅರ್ಧ ಸೆಕೆಂಡು ಕೈಕಟ್ಟಿ ನಿಲ್ಲುತ್ತಿತ್ತು. ಅಷ್ಟು ಹೊತ್ತು ಸ್ವಿಚ್ಚಿನ ಹಸಿರು ದೀಪಗಳೆಲ್ಲ ಒಮ್ಮೆಗೆ ಆರಿ, ಮತ್ತೆ ಹತ್ತುತ್ತಿದ್ದವು.

“ಇದ್ಯಾಕ್ರಿ ಹಿಂಗ ನಿಂತು ನಿಂತು ಹೊಂಟದ?” ಸಾಹೇಬರು ಕೇಳಿದರು. ವಿವರಿಸಿದೆ. ಅವರು ಪೂರಾ ಕೇಳಿಸಿಕೊಂಡು, “ಎಲ್ಲಾ ಖರೆ ಅದ. ಆದ್ರ ನಾಳೆ ದೊಡ್ಡ ಸಾಹೇಬ್ರ ಮುಂದ ದೀಪ ಆರಬಾರದು. ಆರಿದ ದೀಪ ಕಂಡ್ರ ಅವರು ಯಂತ್ರನೇ ಕೆಟ್ಟದ ಅಂತಾರ. ನೋಡ್ರಿ, ಏನಾರ ಮಾಡ್ರಿ,” ಅಂದರು.

ನಾನು ಮಾಡಿದೆ. ತಿರುಗಿ ಓದುವ ಹೆಜ್ಜೆಯನ್ನೇ ತೆಗೆದುಹಾಕಿದೆ. ಬರೆ ಎಂದು ಕಾರ್ಡಿಗೆ ಹೇಳಿದರೆ ಅದು ‘ಆಯ್ತು’ ಎಂದು ಜವಾಬು ಕೊಡುತ್ತಿತ್ತು; ಅಷ್ಟು ಸಾಕೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಪ್ರದರ್ಶನ ಮುಗಿದ ಮೇಲೆ ಮತ್ತೆ ಸೇರಿಸುವುದು ಎಂದುಕೊಂಡಿದ್ದೆ. ಪ್ರದರ್ಶನ ಎಷ್ಟು ಚೆನ್ನಾಗಿ ಆಯಿತೆಂದರೆ, ಅದೇ ಪ್ರೋಗ್ರಾಮನ್ನು ಮೂರೂ ಊರಿಗೆ ಹಾಕಿರಿ, ಇನ್ನು ಮುಟ್ಟಬೇಡಿರಿ ಎಂದು ಅಪ್ಪಣೆಯಾಯಿತು. ನಾನೂ ಹೊಗಳಿಕೆಯ ಹಿಗ್ಗಿನಲ್ಲಿದ್ದೆ. ಹಂಗೇ ಬಿಟ್ಟೆ.

ಅದರ ಬೆನ್ನಿಗೇ ಸಾಹೇಬರ ಸುತ್ತೋಲೆ ಹೊರಟಿತು. ಇನ್ನು ಮುಂದೆ ಸಂದೇಶಗಳು ಯಂತ್ರದಲ್ಲಿ ಮಾತ್ರ, ಪರದೆಯ ಮೇಲೆ ‘ರವಾನೆಯಾಗಿದೆ’ ಎಂದು ಬಂದರೆ ಅದೇ ಅಂತಿಮ, ಫೋನಿನಲ್ಲಿ ಮತ್ತೆ ಕೇಳುವುದು ಹೇಳುವುದು ಕೂಡದು. ಕೇಂದ್ರಗಳ ಫೋನುಗಳು ಬೀಗ ಇರುವ ಪೆಟ್ಟಿಗೆ ಸೇರಿದವು. ಅಂದು ಅಕ್ಕೋರು ಬಸ್ ಸ್ಟ್ಯಾಂಡಿನ ಬೂತಿನಿಂದ ಸ್ವಂತ ಖರ್ಚಿನಲ್ಲಿ ನನಗೆ ಫೋನು ಮಾಡಿದರು.

“ತಮ್ಮಾ, ಇದೇನಪಾ? ಹೊಳ್ಳಿ ಹೇಳೋದು ಬಂದ್ ಮಾಡಂತಾರ?”

“ಯಂತ್ರನೇ ನೋಡ್ಕೊಂತದ್ರಿ ಅಕ್ಕೋರ. ನೀವು ಆರಾಮ ಕೂಡ್ರಿ,” ಅಂದೆ. ಅಂದು ಅದು ಸುಳ್ಳಾಗಿತ್ತು, ಅದು ನನಗೆ ಗೊತ್ತಿತ್ತು. ನನ್ನ ಇಡೀ ಕೆಲಸದ ಅವಧಿಯಲ್ಲಿ ನಾನು ಹೇಳಿದ ನಿಜವಾದ ಸುಳ್ಳು ಅದೊಂದೇ.

ಮಳೆಗಾಲ ಬಂತು. ಒಂದು ಮಧ್ಯಾಹ್ನ ಬಿರುಗಾಳಿಗೆ ಚೌಡಾಪುರದ ಹತ್ತಿರ ಒಂದು ಕಂಬ ಒರಗಿ, ಆಳಂದ–ಅಫಜಲಪುರದ ನೇರ ತಂತಿ ಕಡಿಯಿತು. ಅದೇನು ಆಪತ್ತಲ್ಲ. ಸುತ್ತು ದಾರಿ ಇಟ್ಟದ್ದೇ ಇಂಥ ಹೊತ್ತಿಗೆ. ಎರಡೂ ಕಡೆಯ ಕಂಪ್ಯೂಟರುಗಳು ತಕ್ಷಣ ಜೇವರ್ಗಿಯ ದಾರಿ ಹಿಡಿದವು. ತಂತಿ ಕಡಿದು ಸ್ವಲ್ಪ ಹೊತ್ತಿಗೆ ಸೊಲ್ಲಾಪುರದ ಕಡೆಯಿಂದ ಆಳಂದಕ್ಕೆ ಸುದ್ದಿ ಬಂತು: ನೀರು ಬಿಟ್ಟಿದ್ದಾರೆ, ನಾಳೆ ಬೆಳಗಿನೊಳಗೆ ಅಫಜಲಪುರದ ದಂಡೆ ಮುಟ್ಟುತ್ತದೆ. ಆಳಂದದ ಗುಮಾಸ್ತ ಅದನ್ನು ಎರಡೂ ಊರಿಗೆ ಟೈಪು ಮಾಡಿ ಕಳಿಸಿದ. ಪರದೆಯ ಮೇಲೆ ಎರಡಕ್ಕೂ ‘ರವಾನೆಯಾಗಿದೆ’ ಎಂದು ಬಂತು. ಆತ ನಿಶ್ಚಿಂತೆಯಿಂದ ಮನೆಗೆ ಹೋದ.

ಜೇವರ್ಗಿಗೆ ನಿಮಿಷದೊಳಗೆ ಮುಟ್ಟಿತು. ಅಫಜಲಪುರಕ್ಕೆ ಮುಟ್ಟಲಿಲ್ಲ.

ಕರಜಗಿಯ ಕಡೆ ಕಬ್ಬಿಗೆ ನೀರು ಹಾಯಿಸುವವರು ನದಿಯ ದಂಡೆಗೆ ಮೋಟರು ಇಳಿಸಿರುತ್ತಿದ್ದರು. ನೀರು ಬರುವ ಚೀಟಿ ಬಂದರೆ ಹಗ್ಗ ಹಾಕಿ, ಹತ್ತಾಳು ಸೇರಿ ಮೇಲೆ ಎಳೆದುಕೊಳ್ಳುತ್ತಿದ್ದರು. ಆ ಸಲ ಚೀಟಿ ಬರಲಿಲ್ಲ. ಬೆಳಿಗ್ಗೆ ಅವರು ನದಿಗೆ ಹೋದಾಗ ಮೋಟರು ಇದ್ದ ಜಾಗದ ಮೇಲೆ ಎರಡಾಳು ನೀರು ಹರಿಯುತ್ತಿತ್ತು. ಜೀವ ಹೋಗಲಿಲ್ಲ, ಅಷ್ಟು ದೇವರು ದೊಡ್ಡವನು. ಆದರೆ ಕರಜಗಿಯವರು ಟ್ರ್ಯಾಕ್ಟರು ಏರಿಕೊಂಡು ಅಫಜಲಪುರದ ಕೇಂದ್ರದ ಮುಂದೆ ಬಂದು ನಿಂತರು. ಅವರಲ್ಲೊಬ್ಬ ಹಿರಿಯರು, “ಬಾಯಾರ, ಒಂಬತ್ತು ವರ್ಷದಾಗ ನಿಮ್ಮ ಚೀಟಿ ಒಂದೂ ತಪ್ಪಿದ್ದಿಲ್ಲ. ಈ ಸಲ ಏನಾಗಿತ್ರಿ ನಿಮಗ?” ಎಂದು ಕೇಳಿದರಂತೆ. ಬೈದಿದ್ದರೂ ತಡಕೊಳ್ಳಬಹುದಿತ್ತು ಎಂದು ಅಕ್ಕೋರು ಆಮೇಲೆ ನನಗೆ ಹೇಳಿದರು.

ಸಾಹೇಬರು ನನ್ನನ್ನು ಕರೆದು, ಸಂಜೆ ಐದರೊಳಗೆ ಯಂತ್ರದ ವರದಿ ಬೇಕು ಅಂದರು. ನಾನು ಆಳಂದದ ಕಂಪ್ಯೂಟರಿನ ಮುಂದೆ ಕೂತು ಹಿಂದಿನ ದಿನದ ದಾಖಲೆ ತೆಗೆದೆ. ನೇರ ತಂತಿ ಕಡಿದದ್ದು ದಾಖಲಾಗಿತ್ತು. ಅಫಜಲಪುರಕ್ಕೆ ದಾರಿ ಜೇವರ್ಗಿಯ ಮೇಲೆ ಎಂದು ಬದಲಾದದ್ದು ದಾಖಲಾಗಿತ್ತು. ಹೊಸ ದಾರಿಯನ್ನು ಕಾರ್ಡಿಗೆ ಬರೆದದ್ದು, ಕಾರ್ಡು ಆಯ್ತು ಅಂದದ್ದು, ಆಮೇಲೆ ಸಂದೇಶವನ್ನು ಕಾರ್ಡಿಗೆ ಒಪ್ಪಿಸಿದ್ದು, ಎಲ್ಲವೂ ಇತ್ತು. ಒಂದು ಕೂದಲೆಳೆ ತಪ್ಪಿರಲಿಲ್ಲ.

ಬರೆಯುವ ಮೊದಲು ಅಕ್ಕೋರಿಗೆ ಫೋನು ಮಾಡಿದೆ. ಸಾಹೇಬರು ಅಂದು ಬೀಗ ತೆಗೆಸಿದ್ದರು.

“ಬಂದಿಲ್ಲ ತಮ್ಮಾ. ಲಿಂಗದ ಆಣಿ, ಬಂದಿಲ್ಲ. ನಾ ಆರರತನ ಇಲ್ಲೇ ಕುಂತೀನಿ. ಪರದೆ ಮ್ಯಾಲ ಆಳಂದ ಸಂಪರ್ಕ ಅದ ಅಂತನೇ ಇತ್ತು.”

“ನಡುವ ಎಲ್ಲರ ಎದ್ದು ಹೋಗಿದ್ರೇನ್ರಿ?” ಎಂದು ಕೇಳಿದೆ.

“ನೀನೂ ಹಂಗ ಕೇಳ್ತಿ?” ಅಂದರು. ಇಷ್ಟೇ ಅಂದು ಫೋನು ಇಟ್ಟರು.

ನಾನು ಬರೆದೆ: ಸಂದೇಶ ಯಂತ್ರದ ಕಡೆಯಿಂದ ಸರಿಯಾದ ದಾರಿಯಲ್ಲಿ ರವಾನೆಯಾಗಿರುತ್ತದೆ, ಸ್ವೀಕರಿಸುವ ಕಡೆ ಗಮನಿಸದೆ ಹೋಗಿರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ಎರಡನೆಯ ವಾಕ್ಯವನ್ನು ಯಾರೂ ನನ್ನಿಂದ ಕೇಳಿರಲಿಲ್ಲ. ವರದಿ ಮೊದಲ ವಾಕ್ಯಕ್ಕೇ ನಿಂತರೆ ಗಿಡ್ಡವಾಯಿತು ಅನಿಸಿ ಸೇರಿಸಿದೆ. ಆ ವಾಕ್ಯವೇ ಅಕ್ಕೋರ ಖಾಯಂ ಫೈಲಿಗೆ ಗುಂಡುಸೂಜಿಯಲ್ಲಿ ಚುಚ್ಚಿಕೊಂಡು ಕೂತಿತು.

ಎಂಟು ದಿನದ ನಂತರ ಜೇವರ್ಗಿಯ ಕಪಾಟಿನ ಫ್ಯಾನು ಸುಟ್ಟಿದೆ ಎಂದು ಅಲ್ಲಿಗೆ ಹೋದೆ. ಯಾವ ಕಡೆಯಿಂದ ಯಾವ ಕಡೆಗೆ ಎಷ್ಟು ಪ್ಯಾಕೆಟ್ಟು ಹಾದುಹೋದವು ಎಂಬ ಎಣಿಕೆಯನ್ನು ಅಲ್ಲಿಯ ಪ್ರಿಂಟರು ಗಂಟೆಗೊಮ್ಮೆ ಅಚ್ಚು ಹೊಡೆಯುತ್ತಿತ್ತು. ಆ ಉದ್ದನೆಯ ಹಾಳೆ ಮೂಲೆಯಲ್ಲಿ ಸುರುಳಿ ಸುತ್ತಿ ಬಿದ್ದಿತ್ತು. ಫ್ಯಾನು ಬಿಚ್ಚುವ ಮೊದಲು ಕೈ ಖಾಲಿ ಇತ್ತು, ಸುಮ್ಮನೆ ಬಿಡಿಸಿ ಆ ದಿನದ ಸಾಲು ಹುಡುಕಿದೆ. ಅಫಜಲಪುರದಿಂದ ಆಳಂದದ ಕಡೆಗೆ ಪ್ಯಾಕೆಟ್ಟುಗಳು ಜೇವರ್ಗಿಯನ್ನು ದಾಟಿ ಹೋಗಿದ್ದವು. ಆಳಂದದಿಂದ ಅಫಜಲಪುರದ ಕಡೆಗೆ ಸೊನ್ನೆ. ಮುಂದಿನ ಗಂಟೆಯಲ್ಲೂ ಸೊನ್ನೆ. ಕಂಬ ಎತ್ತಿ ನಿಲ್ಲಿಸಿ, ನೇರ ತಂತಿ ಸರಿಯಾಗುವವರೆಗೂ ಸೊನ್ನೆಯೇ.

ಹಾಳೆ ಹಿಡಿದುಕೊಂಡೇ ಲೆಕ್ಕ ಹಾಕಿದೆ. ಆಳಂದದ ಕಂಪ್ಯೂಟರು ಜೇವರ್ಗಿಯ ದಾರಿ ಎಂದು ಹೇಳುತ್ತಿದೆ. ಜೇವರ್ಗಿಗೆ ಏನೂ ಬಂದಿಲ್ಲ. ಹಾಗಾದರೆ ಆ ಸಂದೇಶ ಹೋದದ್ದು ಎಲ್ಲಿಗೆ?

ಮರುದಿನ ಆಳಂದದಲ್ಲಿ ಕಪಾಟಿನ ಮುಂದೆ ಕೂತೆ. ನೇರ ತಂತಿಯನ್ನು ನಾನೇ ಕಿತ್ತು ನೋಡಿದೆ. ಕಂಪ್ಯೂಟರು ದಾರಿ ಬದಲಿಸಿತು, ಕಾರ್ಡೂ ಬದಲಿಸಿತು, ಪರೀಕ್ಷೆಯ ಸಂದೇಶ ಜೇವರ್ಗಿ ಸುತ್ತಿ ಅಫಜಲಪುರ ಸೇರಿತು. ಹಚ್ಚಿದೆ, ಕಿತ್ತೆ, ಮತ್ತೆ ಹಚ್ಚಿದೆ, ಮತ್ತೆ ಕಿತ್ತೆ. ಎಲ್ಲ ಸಲವೂ ಸರಿ. ಎರಡು ದಿನ ಇದೇ ಆಟ. ಯಂತ್ರ ಹಾಳಾಗಿದ್ದರೆ ಚಿಂತೆಯಿಲ್ಲ, ಹಾಳಾಗಿಲ್ಲ ಎಂದು ನಟಿಸುವ ಯಂತ್ರದಷ್ಟು ಸಿಟ್ಟು ತರಿಸುವುದು ಇನ್ನೊಂದಿಲ್ಲ. ಎರಡನೆಯ ದಿನ ಮಧ್ಯಾಹ್ನ ಕಪಾಟಿಗೆ ಒಮ್ಮೆ ಒದ್ದೂ ಬಿಟ್ಟೆ.

ಗುಮಾಸ್ತ ಊಟದ ಡಬ್ಬಿ ಮುಚ್ಚುತ್ತ, “ಆ ದಿನ ಯಂತ್ರ ಇಷ್ಟು ಖಾಲಿ ಇದ್ದಿಲ್ರಿ. ನಾ ಅಫಜಲಪುರಕ್ಕ ತಿಂಗಳ ಮಳಿ ತಖ್ತೆ ಬಿಟ್ಟಿದ್ದೆ. ತಂತಿ ಕಡಿಯೋ ಮುಂದ ಅದೂ ಹೊಂಟಿತ್ತು,” ಅಂದ.

ಆ ತಖ್ತೆ ಎಂದರೆ ಹನ್ನೆರಡು ಪುಟದ ಲೆಕ್ಕ. ಅದನ್ನೇ ಮತ್ತೆ ಕಳಿಸಲು ಹೇಳಿದೆ. ಕಾರ್ಡು ಬಿಡುವಿಲ್ಲದೆ ಪ್ಯಾಕೆಟ್ಟು ದಬ್ಬುತ್ತಿರುವಾಗಲೇ ತಂತಿ ಕಿತ್ತೆ. ಕಂಪ್ಯೂಟರು ದಾರಿ ಬದಲಿಸಿತು. ಕಾರ್ಡಿಗೆ ಬರೆ ಅಂದಿತು. ಕಾರ್ಡು ಆಯ್ತು ಅಂದಿತು. ಆಗ ಪ್ರದರ್ಶನಕ್ಕಾಗಿ ನಾನು ತೆಗೆದುಹಾಕಿದ್ದ ಹೆಜ್ಜೆಯನ್ನು ಕೈಯಿಂದ ಮಾಡಿದೆ. ಕಾರ್ಡಿನ ಪಟ್ಟಿಯನ್ನು ತಿರುಗಿ ಓದಿದೆ. ಹಸಿರು ದೀಪಗಳು ಅರ್ಧ ಸೆಕೆಂಡು ಆರಿದವು, ಮತ್ತೆ ಹತ್ತಿದವು. ಮೇಲಿನ ಖಾನೆಯಲ್ಲಿ ಅಫಜಲಪುರಕ್ಕೆ ದಾರಿ ಜೇವರ್ಗಿಯ ಮೇಲೆ ಎಂದಿತ್ತು. ಕೆಳಗಿನ ಖಾನೆಯಲ್ಲಿ ಅದೇ ಹಳೆಯ ನೇರ ತಂತಿ. ಎರಡು ಖಾನೆಗಳ ನಡುವೆ ಒಂದು ಗೇಣೂ ಅಂತರ ಇರಲಿಲ್ಲ.

ಕೈತುಂಬ ಕೆಲಸ ಇದ್ದಾಗ ಕಾರ್ಡು ಹೊಸ ಬರಹವನ್ನು ಬಿಟ್ಟುಬಿಡುತ್ತಿತ್ತು. ಅದರ ಆಯ್ತು ಎಂದರೆ ಕೇಳಿಸಿತು ಎಂದಷ್ಟೇ ಅರ್ಥ, ಬರೆದುಕೊಂಡೆ ಎಂದಲ್ಲ. ದಾರಿ ಬದಲಾದಾಗ ಕಂಪ್ಯೂಟರು ಒಂದೇ ಸಲ ಹೇಳುತ್ತಿತ್ತು, ಮತ್ತೆ ಹೇಳುತ್ತಿರಲಿಲ್ಲ. ಕಾರ್ಡು ಅಕ್ಕೋರಿಗೆ ಮುಟ್ಟಬೇಕಾದ ಸಂದೇಶವನ್ನು ಕಡಿದ ತಂತಿಗೆ ಶಿಸ್ತಿನಿಂದ ದಬ್ಬಿತ್ತು. ಅದು ಚೌಡಾಪುರದ ಹೊಲದಲ್ಲಿ ಬಿದ್ದ ಕಂಬದ ಹತ್ತಿರ ಮುಗಿದುಹೋಗಿತ್ತು.

ಆ ದಿನವೇ ತಿರುಗಿ ಓದುವ ಹೆಜ್ಜೆಯನ್ನು ಮರಳಿ ಹಾಕಿದೆ. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಬರಹ ಕೂತಿರದಿದ್ದರೆ ಕೂರುವವರೆಗೆ ಮತ್ತೆ ಮತ್ತೆ ಬರೆಯಲಿ ಎಂದೂ ಸೇರಿಸಿದೆ. ಆಮೇಲೆ ಎರಡನೆಯ ವರದಿ ಬರೆದೆ. ಸಂದೇಶ ಅಫಜಲಪುರಕ್ಕೆ ಹೋಗಿರಲಿಲ್ಲ, ಆಪರೇಟರ್ ಅವರ ತಪ್ಪು ಏನೂ ಇಲ್ಲ, ತಪ್ಪು ಪ್ರೋಗ್ರಾಮಿನದು, ಅದನ್ನು ಬರೆದವನು ನಾನು. ಜೇವರ್ಗಿಯ ಎಣಿಕೆ ಹಾಳೆಯನ್ನು ಜೊತೆಗಿಟ್ಟೆ. ಸಾಹೇಬರ ಮುಂದೆ ಹಿಡಿದೆ.

ಅವರು ಎರಡು ಸಲ ಓದಿದರು. ಕನ್ನಡಕ ತೆಗೆದಿಟ್ಟರು.

“ಯಂತ್ರ ಈಗ ದುರಸ್ತ ಆತಲ್ರಿ?”

“ಆಗೇದ್ರಿ.”

“ಮತ್ತ ಮುಗೀತಲ್ಲ. ಇದನ್ನ ಕೊಟ್ರ ಮೊದಲ ನಿಮ್ಮ ಕಂಪನಿ ಹೋಗ್ತದ. ಆಮ್ಯಾಲ ಫೋನಿಗಿ ಬೀಗ ಹಾಕ್ದಾಂವ ಯಾರು ಅಂತ ಕೇಳ್ತಾರ. ಆಕಿ ಹಂಗಾಮಿ ಅದಾಳ. ಅಂಥಾದ್ದೇನೂ ಆಗಂಗಿಲ್ಲ. ಒಂದು ಎಚ್ಚರಿಕಿ ಕೊಟ್ಟು ಬಿಡ್ತಾರ.”

“ಆಕಿ ಖಾಯಂ ಫೈಲ ಅಲ್ಲೇ ಅದ್ರಿ ಸಾಹೇಬ್ರ.”

“ನನಗೂ ಗೊತ್ತದ,” ಅಂದು ಅವರು ಹಾಳೆಯನ್ನು ನನ್ನ ಕಡೆಗೆ ಸರಿಸಿದರು. “ನಾ ಇದನ್ನ ನೋಡಿಲ್ಲ.”

ಅವರ ಮೇಜಿನಿಂದ ಅದನ್ನು ಎತ್ತಿಕೊಂಡು ಹೊರಗೆ ಬಂದಾಗ ನಾನು ತೀರ್ಮಾನ ಮಾಡಿದ್ದೆ. ಮರುದಿನ ಬಸ್ಸು ಹತ್ತಿ ನೇರ ನಗರದ ದೊಡ್ಡ ಕಚೇರಿಗೆ ಹೋದೆ. ಬಂದ ಕಾಗದ ತೆಗೆದುಕೊಳ್ಳುವ ಆವಕ ವಿಭಾಗದಲ್ಲಿ ವರದಿ ಕೊಟ್ಟೆ. ಗುಮಾಸ್ತರು ದಫ್ತರದಲ್ಲಿ ದಾಖಲೆ ಮಾಡಿ, ಈ ವಿಷಯ ತನಿಖೆಯ ಮೇಜಿಗೆ ಎಂದು ಮೇಲೆ ಗುರುತು ಹಾಕಿ, ನನ್ನ ನಕಲಿನ ಮೇಲೆ ದುಂಡನೆಯ ಸಿಕ್ಕಾ ಒತ್ತಿದರು. ಸಿಕ್ಕಾದ ಮಸಿ ಆರುವವರೆಗೆ ಊದಿ, ಮಡಚಿ ಜೇಬಿಗಿಟ್ಟೆ. ಕೆಲಸ ಹೋದರೆ ಹೋಗಲಿ ಎಂಬ ಧೈರ್ಯ ಅಂದು ನನ್ನಲ್ಲಿತ್ತು. ಅಂಥ ಧೈರ್ಯ ಮಾಡಿದವನಿಗೆ ಇನ್ನೇನೂ ಮಾಡುವುದು ಉಳಿದಿಲ್ಲ ಅನಿಸುತ್ತದೆ. ಊರಿಗೆ ಬಂದು ಆರಾಮಾಗಿ ಮಲಗಿದೆ.

ನನ್ನ ಕೆಲಸ ಹೋಗಲಿಲ್ಲ. ಯಾರೂ ಕರೆದು ಕೇಳಲೂ ಇಲ್ಲ. ಇದರಿಂದ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಓದಿ ಸುಮ್ಮನಾಗಿದ್ದಾರೆ, ಒಳ್ಳೆಯದೇ ಆಯಿತು ಎಂದುಕೊಂಡೆ. ಕಂಪನಿ ನನ್ನನ್ನು ಬೇರೆ ಜಿಲ್ಲೆಯ ಕೆಲಸಕ್ಕೆ ಹಾಕಿತು.

ಎರಡು ತಿಂಗಳ ನಂತರ, ದೀಪಾವಳಿ ಮುಗಿದ ಮೇಲೆ, ತಪಾಸಣೆಗೆಂದು ಅಫಜಲಪುರಕ್ಕೆ ಹೋದೆ. ಅಕ್ಕೋರ ಕುರ್ಚಿಯಲ್ಲಿ ಬೇರೊಬ್ಬರು ಕೂತಿದ್ದರು. “ಆಕಿನ್ನ ತೆಗದಾರ್ರಿ. ಖಾಯಂ ಆಗಲಿಲ್ಲ, ಹಂಗಾಮೀನೂ ಮುಂದ ಬರಲಿಲ್ಲ,” ಅಂದರು.

ಕಪಾಟಿನ ಬಾಗಿಲು ತೆರೆಯದೆ ಅಲ್ಲಿಂದಲೇ ನಗರದ ಬಸ್ಸು ಹತ್ತಿದೆ. ಆವಕದ ದಫ್ತರದಲ್ಲಿ ನನ್ನ ವರದಿಯ ಸಾಲು ಸರಿಯಾಗಿಯೇ ಇತ್ತು: ತನಿಖೆಯ ಮೇಜಿಗೆ. ತನಿಖೆಯ ಮೇಜಿಗೆ ಹೋದೆ. ಅಲ್ಲಿದ್ದವರು ಒಂದು ಕಟ್ಟಿನ ತಳದಿಂದ ಅದನ್ನು ಎಳೆದು ತೆಗೆದರು. ಹಾಕಿದ ಗುಂಡುಸೂಜಿ ಹಾಗೇ ಇತ್ತು.

“ಇದು ಇಲ್ಲೇ ಉಳದದ್ರಿ. ನೀವು ಕೊಡೋ ಮೊದಲೇ ಆ ಬಾಯಾರ ಖಾಯಂ ಫೈಲ ನಮ್ಮ ಮ್ಯಾಜ ಬಿಟ್ಟು ಸಿಬ್ಬಂದಿ ಮ್ಯಾಜಿಗಿ ಹೋಗಿತ್ತು. ಆವಕದವರು ಹಳೀ ಮ್ಯಾಜಿನ ಹೆಸರನೇ ಬರದಾರ,” ಅಂದರು. ಅವರ ದನಿಯಲ್ಲಿ ತಪ್ಪು ಮಾಡಿದ ಗಾಬರಿಯೇನೂ ಇರಲಿಲ್ಲ. ದಫ್ತರ ನೋಡಿದರೆ ಎಲ್ಲ ಸರಿಯಾಗಿತ್ತಲ್ಲ.

ಸಿಬ್ಬಂದಿ ಮೇಜಿಗೆ ನಾನೇ ಕೈಯಿಂದ ಒಯ್ದು ಕೊಟ್ಟೆ. ಆದೇಶ ಹೊರಟುಹೋಗಿದೆ, ಹಂಗಾಮಿಯವರಿಗೆ ಮೇಲ್ಮನವಿ ಇಲ್ಲ, ಆ ಜಾಗಕ್ಕೆ ಬೇರೆಯವರು ಬಂದಾಗಿದೆ ಎಂದು ಅವರು ಸೌಮ್ಯವಾಗಿಯೇ ತಿಳಿಸಿ ಹೇಳಿದರು. ಅವರು ಓದಲಿ ಎಂದು ಅಲ್ಲೇ ನಿಂತೆ. ಓದಿದರು. “ಆಗ ಬಂದಿದ್ರ ಉಪಯೋಗ ಆಗ್ತಿತ್ತು,” ಅಂದರು.

ಮಾ‌ರನೆಯ ದಿನ ಅಫಜಲಪುರಕ್ಕೆ ಮರಳಿ ಬಂದು ಅಕ್ಕೋರನ್ನು ಹುಡುಕಿದೆ. ಬಸ್ ಸ್ಟ್ಯಾಂಡಿನ ಎದುರಿನ ಎಸ್‌ಟಿಡಿ ಬೂತಿನಲ್ಲಿ ಕೆಲಸಕ್ಕಿದ್ದರು. ಸುತ್ತೋಲೆ ಬಂದ ದಿನ ನನಗೆ ಫೋನು ಮಾಡಿದ್ದ ಅದೇ ಬೂತು. ನನ್ನನ್ನು ನೋಡಿ, “ಬಾ ತಮ್ಮಾ,” ಎಂದು ಸ್ಟೂಲು ಸರಿಸಿದರು. ಆ ‘ತಮ್ಮಾ’ ನನಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ನಾನು ಎಲ್ಲ ಹೇಳಿದೆ. ದೀಪ ಆರಬಾರದೆಂದು ತೆಗೆದ ಹೆಜ್ಜೆ, ಕಾರ್ಡಿನ ಹಳೆಯ ಪಟ್ಟಿ, ಜೇವರ್ಗಿಯ ಸೊನ್ನೆ, ಸಾಹೇಬರ ಮಾತು, ಹಳೆಯ ಮೇಜಿನ ಮೇಲೆ ಉಳಿದ ಕಾಗದ. ಜೇಬಿನಿಂದ ನಕಲು ತೆಗೆದು ಸಿಕ್ಕಾ ತೋರಿಸಿದೆ. “ನಾ ಕೊಟ್ಟಿದ್ದೆ ಅಕ್ಕೋರ. ತಪ್ಪು ನಂದು ಅಂತ ಬರದೇ ಕೊಟ್ಟಿದ್ದೆ. ನೋಡ್ರಿ, ಎರಡು ತಿಂಗಳದ ಹಿಂದಿನ ಸಿಕ್ಕಾ ಅದ.”

ಅವರು ಆ ಹಾಳೆಯನ್ನು ಮೊದಲಿನಿಂದ ಕೊನೆಯವರೆಗೆ, ತುಟಿ ಅಲ್ಲಾಡಿಸುತ್ತ ಓದಿದರು. ಮಡಚಿ ನನ್ನ ಕೈಗೆ ಕೊಟ್ಟರು.

“ಕೊಟ್ಟಿ ಖರೆ ತಮ್ಮಾ. ಕೊಟ್ಟ ಮ್ಯಾಲ ಹೋಗಿ ಕೇಳಿದೇನು, ಮುಟ್ಟಿತೋ ಇಲ್ಲೋ ಅಂತ?”

“ಇಲ್ರಿ,” ಅಂದೆ.

ಅಷ್ಟರಲ್ಲಿ ಒಬ್ಬ ರೈತ ಬಂದು ಸೊಲ್ಲಾಪುರದ ಒಂದು ನಂಬರು ಹೇಳಿದ. ಅಕ್ಕೋರು ಅದನ್ನು ಚೀಟಿಯ ಮೇಲೆ ಬರೆದುಕೊಂಡು, ಒಂದೊಂದೇ ಅಂಕಿಯನ್ನು ಅವನಿಗೆ ಹೊಳ್ಳಿ ಹೇಳಿದರು. ಆತ ಹೌದ್ರಿ ಅಂದ ಮೇಲೆ ಗುಂಡಿ ಒತ್ತಿದರು.